ಜಿಕೆ ಅಂದ್ರ ಜನರಲ್ ನಾಲೆಜ್ ಅಲ್ಲ

1 ಆಗಸ್ಟ್ 2024, ಗುರುವಾರ
ಬೆಟಗೇರಿ

ಕಾಲಿನ ಎರಿಮಣ್ಣು ಇನ್ನೂ ಪೂರ್ತಿ ಹೋಗಿಲ್ಲ, ಬಚ್ಚಲದಾಗ ಕುಂತು ಎರಡ ಸಲ ತಿಕ್ಕೀನಿ. ನಾಕೈದು ದಿನದ ಜಿಟಿಜಿಟಿ ಮಳಿ ಇವತ್ತ ಮಧ್ಯಾಹ್ನ ಹೊಳವಾಗಿದ್ದ ತಡ ಐದನೇತ್ತದ ಹುಡುಗ್ರು ಸ್ಟಾಫ್ ರೂಮಿನ ಬಾಗ್ಲಾಗ ಬಂದು ನಿಂತ್ವು, ಅಕ್ಕೋರ ಬಾಲ್, ಅಕ್ಕೋರ ಬಾಲ್. ಪಿಟಿ ಸರ್ ಇಲ್ಲ ನಮಗ. ನಾ ಗಣಿತದಾಕಿ. ಕಾಲೇಜಿನಾಗ ಎರಡು ವರ್ಷ ನೆಟ್‌ಬಾಲ್ ಆಡಿದ್ದೆ ಅಂತ ಜೂನ್‌ದಾಗ ಚಾ ಕುಡಿಯೋವಾಗ ಬಾಯಿ ತಪ್ಪಿ ಅಂದಿದ್ದ ತಪ್ಪಾತು, ಹುಡುಗ್ರಿಗೆ ಆ ಆಟ ಕಲಿಸೋ ಕೆಲಸ ನನ್ನ ಕೊರಳಿಗೆ ಬಿತ್ತು.

ಗೋಲ್ ಪೋಸ್ಟಿನ ಕಥಿ ಹಿಂದಿನ ವಾರ ಬರದಿದ್ನೆಲ್ಲ, ವೆಲ್ಡಿಂಗ್ ಅಣ್ಣಾವ್ರದು. 15 ಇಂಚಿನ ರಿಂಗ್ ಮಾಡಿಕೊಟ್ಟು, "ಅಕ್ಕಾರ, ಹಿಂದ ಹಲಗಿ ಇಲ್ಲಲ್ರೀ, ಅರ್ಧಾ ಕೆಲಸ ಮಾಡಿ ರೊಕ್ಕಾ ತಗೊಂಡಾನ ಅಂತ ಮಂದಿ ನನ್ನ ಬೈತಾರ" ಅಂದಿದ್ರು. ಇದು ಬಾಸ್ಕೆಟ್‌ಬಾಲ್ ಅಲ್ರೀ, ಹಲಗಿ ಇರಂಗಿಲ್ಲ ಅಂತ ಎಷ್ಟ ಹೇಳಿದ್ರೂ ನಂಬಲಿಲ್ಲ. ಎತ್ತರ 10 ಫೂಟು ಇರಬೇಕು, ಸಣ್ಣ ಹುಡುಗ್ರಿಗಂತ 8ಕ್ಕ ಇಳಿಸಿಸೀನಿ. ಕೋರ್ಟು ಉದ್ದ 100 ಫೂಟು ಅಗಲ 50 ಫೂಟು ಬೇಕು, ನಮ್ಮ ಅಂಗಳ ಧ್ವಜದ ಕಟ್ಟಿ ಬಿಟ್ಟು ಅಳದ್ರ 70 ಆಗ್ತೈತಿ, ಅದ್ರಾಗ ಸುಣ್ಣದ ಪುಡಿಲೆ ಮೂರು ಪಾಲು ಮಾಡೀನಿ, ಮಳಿಗೆ ಎರಡ ಸಲ ಅಳಿಸಿ ಹೋಗಿ ಮತ್ತ ಹಾಕೀನಿ.

ಮೊದಲ ವಾರ ಬಾಲ್ ಹಿಡಿಯೋದ ಆತು. ಎಲ್ಲಾರೂ ಹೊಟ್ಟಿಗೆ ಅವಚಿಕೊಳ್ತಿದ್ರು. ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ಹೆಂಗ ಹಿಡೀತೀರಿ, ಬೆರಳ ತುದಿಲೆ ಅಲ್ಲ? ಹಂಗ ಹಿಡೀರಿ, ಅಂಗೈಗೆ ಹತ್ತಬಾರ್ದು ಅಂದ್ಮ್ಯಾಲೆ ಸ್ವಲ್ಪ ಸುಧಾರಿಸ್ತು. ಆಮ್ಯಾಲೆ ಕಬಡ್ಡಿ ಹುಡುಗ್ರು, ಎದುರಿಗಿನವ್ರ ಕೈಯಾಗ ಬಾಲ್ ಬಂತಂದ್ರ ಸೀದಾ ಸೊಂಟಕ್ಕ ಕೈ ಹಾಕಾವ್ರು. ಮೂರು ಫೂಟು ದೂರ ನಿಂತು ಕೈ ಎತ್ತಬೇಕಪಾ ಅಂದ್ರ, "ಮುಟ್ಟದ ಹೆಂಗ ತಡೀಬೇಕ್ರೀ ಅಕ್ಕೋರ?"

ಆದ್ರ ನಿಜವಾದ ಪೀಕಲಾಟ ಕಾಲಿಂದು. ಬಾಲ್ ಕೈಗೆ ಬಂದ್ಮ್ಯಾಲೆ ಓಡಂಗಿಲ್ಲ, ಪುಟಿಸ್ಕೋತ ಹೋಗಂಗೂ ಇಲ್ಲ, ಮೂರು ಸೆಕೆಂಡಿನಾಗ ಯಾರಿಗರ ಕೊಡಬೇಕು. ಮೊದಲು ಊರಿದ ಕಾಲು ಎತ್ತಬಹುದು, ಆದ್ರ ಬಾಲ್ ಕೈಯಾಗ ಇರೋತನಕ ಅದನ್ನ ತಿರುಗಿ ಊರಂಗಿಲ್ಲ. ಇದನ್ನ ಬೋರ್ಡ್ ಮ್ಯಾಲೆ ಪಾದದ ಚಿತ್ರ ಬರದು ಹೇಳೀನಿ, ನಾನ ಮಾಡಿ ತೋರಿಸೀನಿ, ಸೀರಿ ನಿರಗಿ ಕಾಲಿಗೆ ಸಿಕ್ಕು ಬೀಳೂದೊಂದ ಬಾಕಿ. ಖೊಖೋ ಆಡಿ ಬೆಳದ ಹುಡುಗ್ರಿಗೆ ನಿಲ್ಲು ಅಂದ್ರ ಹೆಂಗ ನಿಂತಾವು? ಇವತ್ತ ಆ ಎರಡ ಜಡಿ ಸಣ್ಣಾಕಿ, ಕ್ಲಾಸಿನಾಗ ಬಾಯಿನ ಬಿಡದಾಕಿ, ಒಂದ ಕಾಲ ಮ್ಯಾಲೆ ನಿಂತು ತಾನ ಅಂದ್ಲು, "ಅಕ್ಕೋರ, ಇದು ಕುಂಟಾಬಿಲ್ಲಿ ಇದ್ದಂಗ ಐತಲ್ರೀ, ಎತ್ತಿದ ಕಾಲು ಊರಿದ್ರ ಔಟ್." ಅಷ್ಟ! ಹದಿನೈದು ದಿನ ನಾ ಗಂಟಲ ಹರಕೊಂಡಿದ್ದು ಒಂದ ಮಾತಿನಾಗ ಮುಗದಹೋತು. ಐದ ನಿಮಿಷಕ್ಕ ಅರ್ಧಾ ಕ್ಲಾಸು ಸರಿಯಾಗಿ ನಿಲ್ಲಾಕತ್ತಿತ್ತು.

ಅದ ಖುಷಿಗೆ ಇವತ್ತ ಏಳೇಳ ಮಂದಿ ಮಾಡಿ ಎದಿಪಟ್ಟಿ ಕೊಟ್ಟೆ. ಉಳದ ಸೀರಿ ಅಂಚಿನ ತುಂಡಿನಾಗ ಅವ್ವ ಹೊಲಕೊಟ್ಟದ್ದು, ಯಾರು ಯಾವ ಜಾಗಾದಾಗ ಆಡಬೇಕು ಅನ್ನೋ ಅಕ್ಷರ ಪೇಂಟಿಲೆ ಬರದದ್ದು ನಾ. ಅಲ್ಲೇ ಚಾಲೂ ಆತು ನೋಡ್ರಿ. ಎಲ್ಲಾರಕಿಂತ ಎತ್ತರದ ಹುಡುಗಿಗೆ ಜಿಕೆ ಅಂತ ಇರೋದು ಕೊಟ್ರ ಕೈ ಹಿಂದ ಕಟಗೊಂಡು, "ನನಗ ಜಿಕೆ ಬ್ಯಾಡ್ರೀ, ನನಗ ಜಿಕೆ ಬರಂಗಿಲ್ಲ, ಮೊನ್ನಿ ಟೆಸ್ಟಿನಾಗೂ ಕಡಿಮಿ ಬಿದ್ದಾವು" ಅಂದ್ಲು. ನಕ್ಕು ನಕ್ಕು ಸಾಕಾತು ನನಗ. ಗೋಲ್ ಕೀಪರ್ ಅವ್ವಾ ಅದು ಅಂತ ತಿಳಿಸಿ ಹೇಳಿ ನಿಲ್ಲಿಸಿದೆ.

ನಡುವ ಒಬ್ಬಾವ, "ಅಕ್ಕೋರ ಇದು ಪ್ಯಾರಿಸ್‌ನಾಗ ಐತೇನ್ರೀ?" ಮನು ಭಾಕರ್ ಪದಕ ಬಂದಾಗಿಂದ ಎಲ್ಲಾದಕ್ಕೂ ಪ್ಯಾರಿಸ್. ಇಲ್ಲೋ ಮಾರಾಯಾ, ಒಲಿಂಪಿಕ್ಸ್‌ನಾಗ ಈ ಆಟ ಇಲ್ಲ, ಕಾಮನ್‌ವೆಲ್ತ್‌ನಾಗ ಐತಿ, 2010ಕ್ಕ ದಿಲ್ಲಿಯಾಗ ಆಗಿತ್ತು, ನಮ್ಮವ್ರೂ ಆಡಿದ್ರು ಅಂದೆ. ಆ ಫೈನಲ್ ಹಾಸ್ಟೆಲ್ ಟಿವಿಯಾಗ ನೋಡಿದ್ದು ನೆನಪಾತು, ನ್ಯೂಜಿಲೆಂಡ್ ಆಸ್ಟ್ರೇಲಿಯಾ, ಎಕ್ಸ್ಟ್ರಾ ಟೈಮ್ ಮ್ಯಾಲೆ ಎಕ್ಸ್ಟ್ರಾ ಟೈಮ್, ಕಡೀಕ 66-64ಕ್ಕ ನ್ಯೂಜಿಲೆಂಡ್. "ನಮ್ಮವ್ರು ಗೆದ್ರೇನ್ರೀ?" ಅಂದ. ಇಲ್ಲ ಅಂದೆ. ಆಸಕ್ತಿ ಹೋತು ಅವಂದು.

ಆಟ ಮುಗಿಯೋ ಹೊತ್ತಿಗೆ ಆ ಎತ್ತರದಾಕಿ ಬಂದು ಎದಿಪಟ್ಟಿ ಮಡಚಿ ಕೈಯಾಗ ಕೊಟ್ಲು. ಮುಖ ಸಣ್ಣದಾಗಿತ್ತು.

"ಅಕ್ಕೋರ, ನಾ ಆ ಗೆರಿ ದಾಟಂಗ ಇಲ್ಲೇನ್ರೀ?"

"ಇಲ್ಲವಾ, ಜಿಕೆಗೆ ಆ ಕಡೀ ಪಾಲಷ್ಟ."

"ಬುಟ್ಟಿಗೆ ಹಾಕಾಕ?"

"ಅದು ಜಿಎಸ್, ಜಿಎ ಇಬ್ಬರಿಗೆ ಅಷ್ಟ, ಗೋಲ್ ಶೂಟರ್, ಗೋಲ್ ಅಟ್ಯಾಕ್."

ಸ್ವಲ್ಪ ಹೊತ್ತು ಕಾಲ ಬೆರಳಲೆ ಮಣ್ಣು ಕೆದರಿ, "ಉದ್ದ ಅದೀನಂತೇನ್ರೀ?" ಅಂದ್ಲು. ನಾ ಏನೋ ಒಂದು ಅಂದೆ, ನೀ ಇಲ್ಲಂದ್ರ ಎಲ್ಲಾರೂ ಗೋಲ್ ಹಾಕಿಬಿಡ್ತಾರ ಅಂತ. ಆಕಿ ಹೂಂ ಅಂದು ಪಾಟೀಚೀಲ ಹೆಗಲಿಗೆ ಹಾಕ್ಕೊಂಡು ಹೋದ್ಲು, ಮನಿಗೆ ಹೋಗಿ ನೂಲಿನ ಕಂಡಿಕಿ ಸುತ್ತಬೇಕಲ್ಲ, ಪಂಚಮಿ ಮುಂದಿನ ಶುಕ್ರವಾರ ಬಂತು, ಆ ಓಣಿಯಾಗ ಈಗ ರಾತ್ರಿ ಹನ್ನೊಂದಾದ್ರೂ ಮಗ್ಗದ ಸಪ್ಪಳ ನಿಲ್ಲಂಗಿಲ್ಲ.

ನಾ ಏನ್ ಅಂದೆ ಅದು ಕಾಲೇಜಿನಾಗ ನಮ್ಮ ಕೋಚ್ ನನಗ ಅಂದದ್ದ ಮಾತು. ಅಕ್ಷರ ಬಿಡದಂಗ ಅದ. ಎರಡು ವರ್ಷ ಜಿಕೆ ಆಡೀನಿ ನಾ, ಉದ್ದ ಅದೀನಂತ. ಒಂದ ಗೋಲ್ ಹಾಕಿಲ್ಲ. ಆಗ ಅನ್ನಿಸಿದ್ದಿಲ್ಲ, ಅಥವಾ ಅನ್ನಿಸಿತ್ತೇನೋ. ಹೊರಗಿನ ದೇಶದಾಗ ಸಣ್ಣ ಹುಡುಗ್ರಿಗೆ ಜಾಗಾ ಬದಲಿಸಿ ಬದಲಿಸಿ ಆಡಸ್ತಾರ, ಎಲ್ಲಾರೂ ಎಲ್ಲಾ ಆಡ್ತಾರ, ಗೊತ್ತಿದ್ದೂ ನಾ ಹತ್ತು ವರ್ಷದ ಹುಡುಗಿಗೆ ಒಂದ ಮೂಲಿ ತೋರಿಸಿ ನಿಲ್ಲು ಅಂದೆ.

ಗಿರ್ಮಿಟ್ ತಂದಿದ್ದು ಹಂಗ ಮೆತ್ತಗಾಗೈತಿ. ಇವ್ರು ಬಂದು ಏನಾತು ಅಂದ್ರು, ಏನಿಲ್ಲ ಅಂದೆ, ಏನಂತ ಹೇಳೋದು.

ಹಾಳಿ ಹರದು ಹೊಸದಾಗಿ ಬರಕೊಂಡೀನಿ ಈಗ, ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ಬದಲಿ. ಆಕಿಗೆ ಮೊದಲು ಸಿ. ಸೆಂಟರ್ ಆದ್ರ ಎರಡೂ ಕಡೀ ಗೋಲ್ ಸರ್ಕಲ್ ಒಂದ ಬಿಟ್ಟು ಇಡೀ ಕೋರ್ಟ್ ಓಡಬಹುದು. ಆಮ್ಯಾಲೆ ಜಿಎಸ್. ಆದ್ರ ನಾಳೆ ಶುಕ್ರವಾರ, ಸಂಜೀಕ ಸಾಹುಕಾರ್ರ ಮನಿಗೆ ಸೀರಿ ಮುಟ್ಟಿಸಬೇಕಂತ ಆ ಹುಡುಗಿ ಅವ್ವ ಮೊನ್ನೆನ ಅಂದಿದ್ಲು, ಆಕಿನ್ನ ಮೂರಕ್ಕ ಕಳಸ್ರಿ ಅಂತ, ಆಟದ ಪಿರಿಯಡ್ ಇರೋದು ಮೂರೂಕಾಲಿಗೆ, ಹೆಡ್ ಮೇಡಂಗೆ ಕೇಳಿ ಗಣಿತದ ಪಿರಿಯಡ್ ಹಿಂದ ಮುಂದ ಮಾಡಿದ್ರ