ಕುಂದಗೋಳದ ಕಟ್ಟೆಯ ಮೇಲೆ ಮೆಂಫಿಸ್‌ನ ಹಾಡು

ಹಾವೇರಿ ದಾಟುವಾಗ ಎಚ್ಚರವಾಯಿತು. ಡಿಸೆಂಬರ್ ಚಳಿ. ಕಿಟಕಿ ತುಸು ಎತ್ತಿದರೆ ಎರೆಹೊಲದ ವಾಸನೆ. ಜೋಳ ಎದೆಯೆತ್ತರ ನಿಂತಿತ್ತು, ಹತ್ತಿ ಒಡೆದಿತ್ತು. ಕಿವಿಯಲ್ಲಿ ರಾತ್ರಿಯಿಂದ ಬಿಗ್ ಸ್ಟಾರ್ ಎಂಬ ಹಳೆಯ ಅಮೆರಿಕನ್ ಬ್ಯಾಂಡ್ ಹಾಡುತ್ತಲೇ ಇತ್ತು. ಯಲವಿಗಿ, ಗುಡಗೇರಿ, ಸಂಶಿ ಒಂದೊಂದಾಗಿ ಹಿಂದೆ ಸರಿದವು. ಕುಂದಗೋಳದಲ್ಲಿ ನಮ್ಮ ರೈಲು ನಿಲ್ಲಲಿಲ್ಲ. ಮಂಜಿನಲ್ಲಿ ಹಳದಿ ಬೋರ್ಡು ಕಂಡು ಮಾಯವಾಯಿತು. ಮಾರನೇ ದಿನ ಅಲ್ಲಿಗೆ ಹೋಗುವುದಿತ್ತು.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದ. ನನ್ನ ಡಬ್ಬಿ ರೈಲಿನ ಬಾಲದಲ್ಲಿತ್ತು, ನಡೆದಷ್ಟೂ ಮುಗಿಯದು. ತಂಗಿಯ ಮಗ ಗೇಟಿನ ಹತ್ತಿರ ಕಾದಿದ್ದ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ, ಗೆಳೆಯರ ಜೊತೆ ಒಂದು ಬ್ಯಾಂಡ್ ಕಟ್ಟಿದ್ದಾನೆ. ‘ಮಾಮಾ, ಒಮ್ಮೆ ಬಂದು ಕೇಳಿ ಹೋಗ್ರಿ’ ಅಂತ ಆರು ತಿಂಗಳಿಂದ ಕರೆಯುತ್ತಿದ್ದ.

ವಿದ್ಯಾನಗರದಲ್ಲಿ ಗೆಳೆಯನೊಬ್ಬನ ಮನೆಯ ಮಾಳಿಗೆ ಮೇಲೆ ಒಂದು ಖೋಲಿ. ಗೋಡೆಗೆ ಹಳೆ ಚಾದರ ಹೊಡೆದಿದ್ದರು. ಸಂಜೆ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಹೋದೆವು. ಹುಡುಗರು ನಾಲ್ಕೈದು ಹಾಡು ಬಾರಿಸಿದರು, ಜೋರಾಗಿ. ಆಮೇಲೆ ಕರೆಂಟ್ ಹೋಯಿತು. ಆಂಪ್ ಸುಮ್ಮನಾಯಿತು. ಕತ್ತಲಲ್ಲೇ ನಮ್ಮ ಹುಡುಗ ಮರದ ಗಿಟಾರ್ ತೆಗೆದುಕೊಂಡು ಮೆಲ್ಲಗೆ ಒಂದು ಹಾಡು ಶುರು ಮಾಡಿದ. ಶಾಲೆ ಮುಗಿಸಿ ನಿನ್ನ ಜೊತೆ ಮನೆತನಕ ನಡೆದು ಬರಲಾ ಅಂತ ಒಬ್ಬ ಹುಡುಗ ಹುಡುಗಿಯನ್ನು ಕೇಳುವ ಹಾಡು ಅದು. ಎರಡೂವರೆ ನಿಮಿಷ. ನನ್ನ ಮೈ ಜುಂ ಅಂದಿತು.

‘ಇದು ಯಾರದೋ?’ ಅಂತ ಕೇಳಿದೆ.

‘ಎಲಿಯಟ್ ಸ್ಮಿತ್‌ದು ಮಾಮಾ.’

‘ಅವನದಲ್ಲ. ಅವನೂ ನಿನ್ನ ಹಾಗೆ ಕೇಳಿ ಹಾಡಿದವನು.’

‘ಹಂಗಾದ್ರ ಮೊದಲ ಹಾಡಿದವ್ರು ಯಾರು?’

ನಾನೂ ಒಮ್ಮೆ ಇದೇ ಪ್ರಶ್ನೆ ಕೇಳಿಕೊಂಡಿದ್ದೆ, ಇದೇ ಊರಲ್ಲಿ. ಧಾರವಾಡದಲ್ಲಿ ಓದುತ್ತಿದ್ದ ಕಾಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಬ್ಯಾಂಗಲ್ಸ್ ಎಂಬ ಹೆಣ್ಣುಮಕ್ಕಳ ಬ್ಯಾಂಡಿನ ಕ್ಯಾಸೆಟ್ ಕೊಂಡಿದ್ದೆ. 1986ರ ಆಲ್ಬಂ. ಅದರಲ್ಲಿ ಒಂದು ಹಾಡು ಉಳಿದವುಗಳ ಜೊತೆ ಸೇರದೆ ಬೇರೆಯೇ ನಿಂತಿತ್ತು. ಒಳಗಿನ ಕಾಗದದ ಸಣ್ಣ ಅಕ್ಷರದಲ್ಲಿ ಅದರ ಪಕ್ಕ ಚಿಲ್ಟನ್ ಎಂಬ ಹೆಸರು. ಯಾರೀತ ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಆ ಕತ್ತಲೆ ಖೋಲಿಯಲ್ಲಿ ಹುಡುಗರಿಗೆ ಹೇಳಿದೆ. ಅಮೆರಿಕದ ಮೆಂಫಿಸ್ ಊರು, 1971. ಅಲೆಕ್ಸ್ ಚಿಲ್ಟನ್, ಕ್ರಿಸ್ ಬೆಲ್, ಆಂಡಿ ಹಮ್ಮೆಲ್, ಜೋಡಿ ಸ್ಟೀಫನ್ಸ್. ಸ್ಟುಡಿಯೋ ಹತ್ತಿರದ ಕಿರಾಣಿ ಅಂಗಡಿಯ ಹೆಸರನ್ನೇ ಬ್ಯಾಂಡಿಗೆ ಇಟ್ಟರು, ಬಿಗ್ ಸ್ಟಾರ್ ಅಂತ. ಚಿಲ್ಟನ್ ಆಗಲೇ ಹೆಸರು ಮಾಡಿದ್ದವನು. 1967ರಲ್ಲಿ, 16ರ ವಯಸ್ಸಿಗೇ, ಬಾಕ್ಸ್ ಟಾಪ್ಸ್ ಬ್ಯಾಂಡಿನಲ್ಲಿ ಹಾಡಿದ ಹಾಡು ಅಮೆರಿಕದಲ್ಲಿ ಒಂದನೇ ಜಾಗಕ್ಕೆ ಹೋಗಿತ್ತು. ಬಿಗ್ ಸ್ಟಾರ್‌ನ ಮೊದಲ ಆಲ್ಬಂ 1972ರಲ್ಲಿ ಬಂತು. ಬರೆದವರೆಲ್ಲ ಹೊಗಳಿದರು. ಆದರೆ ಹಾಡಿನ ಪ್ಲೇಟ್ ಅಂಗಡಿಗೇ ತಲುಪಲಿಲ್ಲ! ಹಂಚುವ ಕಂಪನಿಯ ವ್ಯವಹಾರ ಹದಗೆಟ್ಟಿತ್ತು. ಹತ್ತು ಸಾವಿರವೂ ಮಾರಾಟ ಆಗಲಿಲ್ಲ. ಬೆಲ್ ನೊಂದು ಬ್ಯಾಂಡ್ ಬಿಟ್ಟ. 1974ರ ಎರಡನೇ ಆಲ್ಬಮ್ಮಿಗೂ ಇದೇ ಗತಿ. ಅದೇ ವರ್ಷ ಮಾಡಿಟ್ಟ ಮೂರನೆಯದು ಹೊರಗೆ ಬಂದಿದ್ದು 1978ರಲ್ಲಿ, ಬ್ಯಾಂಡೇ ಇಲ್ಲವಾದ ಮೇಲೆ. ಆ ಡಿಸೆಂಬರ್‌ನಲ್ಲಿ ಬೆಲ್ ಕಾರು ಅಪಘಾತದಲ್ಲಿ ಹೋದ. 27 ವರ್ಷ.

ಡ್ರಮ್ಸ್ ಹುಡುಗ ‘ಛೇ’ ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಕುಂದಗೋಳಕ್ಕೆ ಹೊರಟೆವು. ಸುಮಾರು 20 ಕಿಲೋಮೀಟರ್. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಪಾಠಕ್ಕೆ ಹೋಗಿ ಬರುತ್ತಿದ್ದುದು ಇದೇ ದಾರಿಯಲ್ಲಿ, ರೈಲಿನಲ್ಲೇ. ಹುಡುಗ ಗಿಟಾರ್ ಚೀಲ ಬಿಟ್ಟು ಬರಲಿಲ್ಲ. ದಾರಿಯುದ್ದಕ್ಕೂ ಬಿಗ್ ಸ್ಟಾರ್‌ನಿಂದ ಕಲಿತ ಒಂದೊಂದೇ ಬ್ಯಾಂಡ್ ಕೇಳಿಸುತ್ತಾ ಹೋದೆ, ಇಯರ್‌ಫೋನಿನ ಒಂದು ತುದಿ ಅವನಿಗೆ, ಒಂದು ನನಗೆ. ಆರ್.ಇ.ಎಂ. ಬ್ಯಾಂಡಿನ ಗಿಟಾರ್‌ನಲ್ಲಿ ಆ ಗಲಗಲ ಸದ್ದು ಎಲ್ಲಿಂದ ಬಂತು ಅನ್ನುವುದನ್ನು ಅದನ್ನು ನುಡಿಸುವ ಪೀಟರ್ ಬಕ್ ಮುಚ್ಚಿಟ್ಟವನಲ್ಲ. ಮಿನಿಯಾಪೊಲಿಸ್‌ನ ರಿಪ್ಲೇಸ್‌ಮೆಂಟ್ಸ್ 1987ರಲ್ಲಿ ಚಿಲ್ಟನ್‌ನ ಹೆಸರನ್ನೇ ಹಾಡಿನ ಹೆಸರಾಗಿ ಇಟ್ಟರು. ಆ ಆಲ್ಬಂ ಮಾಡಲು ಮೆಂಫಿಸ್‌ಗೇ ಹೋದರು, ಬಿಗ್ ಸ್ಟಾರ್‌ನ ಅದೇ ಆರ್ಡೆಂಟ್ ಸ್ಟುಡಿಯೋಗೆ. ಅದಕ್ಕೂ ಮೊದಲು ಚಿಲ್ಟನ್ ನ್ಯೂ ಆರ್ಲಿಯನ್ಸ್‌ನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿದ್ದ. ನನಗೆ ಎಲ್ಲರಿಗಿಂತ ಹತ್ತಿರದವರು ಸ್ಕಾಟ್ಲೆಂಡಿನ ಟೀನೇಜ್ ಫ್ಯಾನ್‌ಕ್ಲಬ್. 1991ರ ಅವರ ಆಲ್ಬಂ ಕೇಳಿದರೆ ಮೂವರು ದನಿ ಕೂಡಿಸುವ ರೀತಿಯಲ್ಲೇ ಬಿಗ್ ಸ್ಟಾರ್ ಇದೆ. ಮೇಲೆ ಗಿಟಾರ್ ಎಷ್ಟು ಒರಟೋ, ಒಳಗಿನ ರಾಗ ಅಷ್ಟು ಮೃದು. ನಕಲು ಅಂತ ಕೆಲವರು ಬೈದರು. ನಾನು ಒಪ್ಪಲ್ಲ. ನಕಲು ಮಾಡುವವನು ಕದ್ದ ಜಾಗ ಮುಚ್ಚಿಡುತ್ತಾನೆ. ಇವರು ಮುಂದಿನ ಆಲ್ಬಮ್ಮಿಗೆ ಇಟ್ಟ ಹೆಸರೇ ಬಿಗ್ ಸ್ಟಾರ್‌ನ ಹಾಡಿನದು, ‘ಥರ್ಟೀನ್’. ಹಿಂದಿನ ರಾತ್ರಿ ಕತ್ತಲಲ್ಲಿ ನಮ್ಮ ಹುಡುಗ ಹಾಡಿದ್ದು ಅದನ್ನೇ.

ಕುಂದಗೋಳದಲ್ಲಿ ಹಾಡಿಕೆ ನಡೆಯುವ ನಾಡಗೇರ ವಾಡೆಯ ಬಾಗಿಲು ಹಾಕಿತ್ತು. ಎದುರಿನ ಕಟ್ಟೆಯಲ್ಲಿ ಬಿಸಿಲು ಕಾಯಿಸುತ್ತಿದ್ದ ಹಿರಿಯರು, ‘ಯಾರ್ ಬೇಕಾಗಿತ್ರೀ?’ ಅಂದರು. ಹಾಡಿನ ಜಾಗ ನೋಡಲು ಬಂದೆವು ಅಂದೆ. ‘ಬೀಗ ಐತ್ರಿ. ಹಾಡಕಿ ಇದ್ದಾಗ ಬರ್ರಿ, ಆವಾಗ ಊರೆಲ್ಲ ಎದ್ದಿರತೈತಿ’ ಅಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಮೈಸೂರಿನ ದಾರಿಯಲ್ಲಿ ಇಳಿದುಕೊಳ್ಳುತ್ತಿದ್ದ ಊರಿದು. ಅವರ ಶಿಷ್ಯ ರಾಮಭಾವು ಕುಂದಗೋಳಕರರೇ ಸವಾಯಿ ಗಂಧರ್ವರು. ಭೀಮಸೇನ ಜೋಶಿ, ಗಂಗೂಬಾಯಿ, ಫಿರೋಜ್ ದಸ್ತೂರ್ ಇವರೆಲ್ಲ ಅವರ ಹತ್ತಿರ ಕಲಿತವರು. ಶಿಷ್ಯರ ದನಿ ನಮ್ಮ ಮನೆಮನೆಯಲ್ಲಿದೆ. ಗುರುವಿನ ದನಿ ಇರುವುದು ಮೂರ್ಮೂರು ನಿಮಿಷದ ಹಳೆ ಪ್ಲೇಟುಗಳಲ್ಲಿ. ಫೋನಿನಲ್ಲಿ ಒಂದನ್ನು ಹಚ್ಚಿದೆ. ಚರಪರ ಸದ್ದಿನ ಹಿಂದಿನಿಂದ ಆ ದನಿ ಬಂತು. ಹಿರಿಯರು ಕಣ್ಣು ಮುಚ್ಚಿದರು. ಹುಡುಗ ಥಟ್ಟನೆ, ‘ಮಾಮಾ, ಇದು ಭೀಮಸೇನ ಜೋಶಿ ಅವರ ಹಂಗ ಐತಲ್ಲ!’ ಅಂದ.

ಅವನ ಬಾಯಿಂದ ಆ ಮಾತು ಬಂದಿದ್ದೇ ನನಗೆ ಇಡೀ ಪ್ರವಾಸದ ಸುಖ. ಬ್ಯಾಂಗಲ್ಸ್ ಕೇಳಿ ಆಮೇಲೆ ಬಿಗ್ ಸ್ಟಾರ್ ಕೇಳಿದಾಗ ನನಗೂ ಹೀಗೇ ಆಗಿತ್ತು. ನಾವು ಹೊಳೆಯ ಎದುರಿಗೆ ನಡೆದು ಮೂಲಕ್ಕೆ ಹೋಗುವವರು, ಅಲ್ವಾ? ಹಾಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಸವಾಯಿ ಗಂಧರ್ವರು ಬದುಕಿದ್ದಾಗಲೇ ಜನ ತಲೆಮೇಲೆ ಹೊತ್ತುಕೊಂಡಿದ್ದರು, ಅವರು ಶಿಷ್ಯರನ್ನು ಎದುರು ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸಿದರು. ಬಿಗ್ ಸ್ಟಾರ್ ಹುಡುಗರಿಗೆ ಶಿಷ್ಯರಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂದು ಚಂದದ ಸಂಗತಿ ನಡೆಯಿತು. 1993ರ ಏಪ್ರಿಲ್‌ನಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಚಿಲ್ಟನ್, ಸ್ಟೀಫನ್ಸ್ ಮತ್ತೆ ಬಿಗ್ ಸ್ಟಾರ್ ಹೆಸರಲ್ಲಿ ವೇದಿಕೆ ಹತ್ತಿದರು. ಖಾಲಿ ಇದ್ದ ಎರಡು ಜಾಗದಲ್ಲಿ ನಿಂತವರು ಪೋಸೀಸ್ ಬ್ಯಾಂಡಿನ ಇಬ್ಬರು, ಬಿಗ್ ಸ್ಟಾರ್ ಕೇಳಿಯೇ ಹಾಡು ಕಟ್ಟುವುದನ್ನು ಕಲಿತವರು. ಗುರುವಿನ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯರು ಸಮಯ ನೋಡಿ ದನಿಗೂಡಿಸುತ್ತಾರಲ್ಲ, ಹಾಗೆ. 2010ರಲ್ಲಿ ಚಿಲ್ಟನ್ ತೀರಿಕೊಳ್ಳುವವರೆಗೂ ಅವರಿಬ್ಬರೂ ಜೊತೆಗಿದ್ದರು.

ಮೂರನೇ ದಿನ ಗದಗ. ಅಣ್ಣಿಗೇರಿ ದಾಟುವಾಗ ಹುಡುಗನಿಗೆ ಒಂದು ವಿಷಯ ಹೇಳಿದೆ. ಭೀಮಸೇನ ಜೋಶಿಯವರನ್ನು ಮನೆ ಬಿಟ್ಟು ಓಡಿಸಿದ್ದೂ ಒಂದು ಪ್ಲೇಟೇ. ಚಿಕ್ಕವರಿದ್ದಾಗ ಅಂಗಡಿಯೊಂದರಲ್ಲಿ ಕರೀಂ ಖಾನರ ಠುಮ್ರಿ ಕೇಳಿದರು, ಹಾಗೇ ಹಾಡಬೇಕು ಅನ್ನಿಸಿತು, 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಹೊರಟೇ ಬಿಟ್ಟರು. ಅವನು ಗಿಟಾರ್ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

ವೀರೇಶ್ವರ ಪುಣ್ಯಾಶ್ರಮದಲ್ಲಿ ಗದ್ದುಗೆಗೆ ನಮಸ್ಕಾರ ಮಾಡಿ, ನೆರಳಲ್ಲಿ ಕೂತೆವು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಹಾಡು ಕಲಿಸಿದ ಜಾಗ. ಎಲ್ಲೋ ತಬಲಾ, ಎಲ್ಲೋ ಪಿಟೀಲು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಗೋಡೆ ಹಿಡಿದು ಬರುತ್ತಿದ್ದವನು ಚೀಲಕ್ಕೆ ಕೈ ತಾಗಿ ನಿಂತ. ಏನಿದು ಅಂತ ಕೇಳಿದ. ಗಿಟಾರ್ ತೆಗೆದು ತೊಡೆಯ ಮೇಲಿಟ್ಟಾಗ ಆರೂ ತಂತಿಗಳ ಮೇಲೆ ಬೆರಳು ಎಳೆದ.

‘ಅಣ್ಣಾರ, ಇದರಾಗ ಸಾ ಎಲ್ಲಿ ಐತ್ರಿ?’

ನಮ್ಮ ಹುಡುಗ ಒಂದು ಗಳಿಗೆ ಯೋಚಿಸಿದ. ಆಮೇಲೆ ಅವನ ಬೆರಳು ಹಿಡಿದು ದಪ್ಪ ತಂತಿಯ ಮೂರನೇ ಫ್ರೆಟ್ ಮೇಲೆ ಇಟ್ಟ. ‘ಈ ಹಾಡಿಗೆ ಇಲ್ಲಿ’ ಅಂದು ಮೊನ್ನೆ ಕತ್ತಲಲ್ಲಿ ನುಡಿಸಿದ ಹಾಡನ್ನೇ ನಿಧಾನವಾಗಿ ಶುರು ಮಾಡಿದ. ಆ ಮಗು ತಲೆ ಓರೆ ಮಾಡಿ ಎರಡು ಸಾಲು ಕೇಳಿತು. ಮೂರನೇ ಸಾಲಿಗೆ ಸಾ ಹಿಡಿದು ಜೊತೆಗೆ ನಿಂತಿತು.