ಒತ್ತೆಹಣವನ್ನು ಸರ್ಕಾರ ಕೊಡುತ್ತದೆಯೇ?

ಹಡಗಿನ ಕೆಲಸ ಮುಗಿಸಿ ಕಾರವಾರಕ್ಕೆ ಮರಳಿದ ಮೇಲೆ, ಮಗನನ್ನು ಹಡಗಿಗೆ ಕಳಿಸಲು ಹೊರಟ ತಂದೆತಾಯಿಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಕಡಲ್ಗಳ್ಳರು ಹಿಡಿದರೆ ಸರ್ಕಾರ ಹಣ ಕೊಟ್ಟು ಬಿಡಿಸುತ್ತದೆಯೇ?’

ಸರ್ಕಾರವನ್ನು ನಂಬಿ ಕೂರಬೇಡಿ ಎನ್ನುತ್ತೇನೆ. ಹಡಗುಗಳ ವಿಷಯದಲ್ಲಿ ಒತ್ತೆಹಣದ ಮಾತುಕತೆ ಸಾಮಾನ್ಯವಾಗಿ ನಡೆಯುವುದು ಮಾಲೀಕರು ಮತ್ತು ವಿಮಾ ಸಂಸ್ಥೆಯವರ ಮೂಲಕ. ಹಣ ಸಂದಾಯವಾದರೂ ಬಿಡುಗಡೆ ಖಚಿತವಲ್ಲ. 2010ರಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಹಿಡಿದ ‘ಆಸ್ಫಾಲ್ಟ್ ವೆಂಚರ್’ ಹಡಗಿಗೆ 2011ರ ಏಪ್ರಿಲ್‌ನಲ್ಲಿ ಒತ್ತೆಹಣ ಸಂದಾಯವಾಗಿತ್ತು. ಆದರೂ ನಮ್ಮ ನೌಕಾಪಡೆ ಬಂಧಿಸಿದ್ದ ತಮ್ಮವರನ್ನು ಬಿಡಿಸಿಕೊಳ್ಳಬೇಕೆಂದು ಅವರು ಏಳು ಭಾರತೀಯರನ್ನು ತಡೆಹಿಡಿದರು. ಆ ಏಳು ಮಂದಿ ಬಿಡುಗಡೆಯಾದದ್ದು 2014ರ ಅಕ್ಟೋಬರ್‌ನಲ್ಲಿ.

ಮನೆಯವರು ಸರ್ಕಾರದಿಂದ ಹಕ್ಕಿನಿಂದ ಕೇಳಬೇಕಾದದ್ದು ಸುದ್ದಿಯನ್ನು ಎಂಬುದು ನನ್ನ ಅಭಿಪ್ರಾಯ. 2014ರಲ್ಲಿ ಇರಾಕಿನ ಮೊಸುಲ್‌ನಲ್ಲಿ ಅಪಹೃತರಾದ 39 ಭಾರತೀಯರು ಸತ್ತಿದ್ದಾರೆಂದು 2018ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ತಿಳಿಸಿದಾಗ, ನಾಲ್ಕು ವರ್ಷ ಕಾದಿದ್ದ ಅನೇಕ ಮನೆಗಳಿಗೆ ಆ ಮಾತು ತಲುಪಿದ್ದು ಟಿವಿಯಿಂದ. ಮೊದಲು ಸದನಕ್ಕೆ ತಿಳಿಸುವುದು ತಮ್ಮ ಕರ್ತವ್ಯವೆಂದು ಸಚಿವೆ ಸಮರ್ಥಿಸಿಕೊಂಡರು. ಸದನದ ಶಿಷ್ಟಾಚಾರ ದೊಡ್ಡದೇ ಇರಬಹುದು, ಆದರೆ ಒಂದು ಗಂಟೆ ಮುಂಚೆ ಫೋನ್ ಮಾಡಿದ್ದರೆ ಅದಕ್ಕೆ ಏನು ಕುಂದಾಗುತ್ತಿತ್ತೋ ನನಗಿನ್ನೂ ತಿಳಿದಿಲ್ಲ.

ಅಮೆರಿಕದಲ್ಲೂ ಇಂಥದೇ ಅಸಮಾಧಾನವಿತ್ತು. ಒತ್ತೆಹಣ ಕೊಟ್ಟರೆ ಮೊಕದ್ದಮೆ ಹೂಡುತ್ತೇವೆಂದು ಅಧಿಕಾರಿಗಳು ಬೆದರಿಸಿದರೆಂದು ಸಿರಿಯಾದಲ್ಲಿ ಉಗ್ರರ ಒತ್ತೆಯಾಳಾಗಿದ್ದು ಕೊಲೆಯಾದ ಪತ್ರಕರ್ತ ಜೇಮ್ಸ್ ಫೋಲಿಯ ಮನೆಯವರು ಬಹಿರಂಗವಾಗಿ ಹೇಳಿದ್ದರು. 2015ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ, ಅಪಹರಣಕಾರರಿಗೆ ಮಣಿಯುವುದಿಲ್ಲವೆಂಬ ನಿಲುವನ್ನು ಉಳಿಸಿಕೊಂಡೇ, ಕುಟುಂಬದವರೊಡನೆ ಸಂಪರ್ಕದಲ್ಲಿರಲೆಂದು ಪ್ರತ್ಯೇಕ ಅಧಿಕಾರಿಯನ್ನು ನೇಮಿಸಿತು. ನಾನು ಬಯಸುವುದೂ ಅಷ್ಟನ್ನೇ: ಕಾರವಾರದಿಂದ ಕರೆ ಹೋದಾಗ ಎತ್ತುವ, ಕನ್ನಡದಲ್ಲೋ ಕೊಂಕಣಿಯಲ್ಲೋ ಉತ್ತರಿಸುವ ಒಬ್ಬ ಅಧಿಕಾರಿ.

ಸಂಬಳದ ಮಾತು ಬೇರೆ. ಭಾರತವೂ ಒಪ್ಪಿರುವ ಕಡಲ ಕಾರ್ಮಿಕರ ಒಪ್ಪಂದಕ್ಕೆ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕಡಲ್ಗಳ್ಳರ ಸೆರೆಯಲ್ಲಿರುವ ನಾವಿಕನ ಸಂಬಳ ನಿಲ್ಲುವಂತಿಲ್ಲ. ಆದರೆ ಆ ಒಪ್ಪಂದ ಮೀನುಗಾರಿಕೆಯ ದೋಣಿಗಳಿಗೆ ಅನ್ವಯಿಸುವುದಿಲ್ಲ. 2018ರಲ್ಲಿ ದುಬೈಯ ದೋಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ಕುಮಟಾ, ಭಟ್ಕಳ ಕಡೆಯ ಮೀನುಗಾರರು ಇರಾನಿನಲ್ಲಿ ತಿಂಗಳುಗಟ್ಟಲೆ ಸಿಲುಕಿದ್ದರು. ಅದು ಒತ್ತೆಯಲ್ಲ, ಬಂಧನ, ಆದರೂ ಮನೆಯ ಒಲೆಗೆ ಆ ವ್ಯತ್ಯಾಸ ತಿಳಿಯದು. ಅಂಥ ಮನೆಯವರು ಬಂದರೆ, ಪಾಸ್‌ಪೋರ್ಟಿನ ನಕಲು, ದೋಣಿಯ ನೋಂದಣಿ ಸಂಖ್ಯೆ, ಮಾಲೀಕನ ವಿಳಾಸ ಇವನ್ನು ಮಗ ಹೊರಡುವ ಮೊದಲೇ ಬರೆಸಿ ಇಟ್ಟುಕೊಳ್ಳಿ ಎನ್ನುತ್ತೇನೆ. ವಿದೇಶಾಂಗ ಇಲಾಖೆಗೆ ಅರ್ಜಿ ಕೊಡಲು ಹೋದ ದಿನ ಮೊದಲು ಕೇಳುವುದು ಅವನ್ನೇ.