ಬೈನೆ ಜುಂಗು, ಚಕಮಕಿ, ಹಳ್ಳದ ದಂಡೆ

ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ರಸ್ತೆ ಬಿಟ್ಟು ಕಾಫಿ ತೋಟದೊಳಕ್ಕೆ ಇಳಿದರೆ ಹಳ್ಳದ ದಂಡೆಗೆ ಮುಕ್ಕಾಲು ಗಂಟೆಯ ನಡಿಗೆ. ಡಿಸೆಂಬರಿನ ಸಂಜೆ ಬೇಗ ತಂಪಾಗುತ್ತದೆ. ರಾತ್ರಿಯ ಬೆಂಕಿಗೆ ಆರಿಸಿಕೊಂಡದ್ದು ಖಾಸಗಿ ತೋಟವನ್ನೇ, ಅದೂ ಮಾಲೀಕರ ಒಪ್ಪಿಗೆ ಪಡೆದು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸುತ್ತದೆ. ಅಭಯಾರಣ್ಯದಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಇದೆ. ಇದರಲ್ಲಿ ಸಡಿಲಿಕೆ ಬೇಡ.

ಬೆಂಕಿಯ ಕೆಲಸ ಶುರುವಾಗುವುದು ನಡೆಯುವ ದಾರಿಯಲ್ಲೇ. ಮಲೆನಾಡಿನಲ್ಲಿ ಈ ಕಾಲಕ್ಕೆ ಮಳೆ ಇಲ್ಲದಿದ್ದರೂ ಇಬ್ಬನಿ ಬಿದ್ದು ನೆಲದ ಕಡ್ಡಿಯೆಲ್ಲ ತೇವ. ಹಾಗಾಗಿ ನೆಲದ್ದು ಬಿಟ್ಟು, ಗಿಡದ ಮೇಲೇ ಒಣಗಿ ನಿಂತದ್ದನ್ನು ಆರಿಸಬೇಕು. ಬಗ್ಗಿಸಿದರೆ ಫಟ್ಟನೆ ಮುರಿಯಬೇಕು, ಬಳುಕಿದರೆ ಒಣಗಿಲ್ಲ. ಸೂಜಿಯಷ್ಟು ಸಪೂರದ್ದು ಎರಡು ಹಿಡಿ, ಪೆನ್ಸಿಲ್ ದಪ್ಪದ್ದು ಎರಡು ಹಿಡಿ, ಹೆಬ್ಬೆರಳ ದಪ್ಪದ್ದು ಒಂದು ತೋಳಿನಷ್ಟು. ಹಳೇ ಕಾಫಿ ಗಿಡದ ಒಣ ರೆಂಬೆ ಕೆಂಡಕ್ಕೆ ಬಹಳ ಒಳ್ಳೆಯದು. ಹೊಳಗೇರು ಮರವನ್ನು ಮುಟ್ಟಲೇ ಬೇಡಿ: ಅದರ ಸೊನೆಗೆ ಮೈ ಬೊಬ್ಬೆ ಏಳುತ್ತದೆ, ಹೊಗೆಯೂ ಆಗದು. ಬಿದಿರನ್ನು ಸೀಳದೆ ಹಾಕಿದರೆ ಗೆಣ್ಣಿನೊಳಗಿನ ಗಾಳಿ ಹಿಗ್ಗಿ ಸಿಡಿಯುತ್ತದೆ.

ದಾರಿಯಲ್ಲಿ ಸಿಕ್ಕಿದ ದೊಡ್ಡ ಲಾಭ ಬೈನೆ, ತಾಳೆ ಜಾತಿಯ ಮರ. ಅದರ ಗರಿಯ ಬುಡದಲ್ಲಿ ಕಂದು ಬಣ್ಣದ ಜುಂಗು ಅಂಟಿಕೊಂಡಿರುತ್ತದೆ. ಅಂಗೈಯಷ್ಟು ಸಾಕು. ಕಿಡಿ ಹಿಡಿಯಲು ಹಿಂದಿನವರು ಇದನ್ನೇ ಬಳಸುತ್ತಿದ್ದರು. ಒಳ ಅಂಗಿಯ ಕಿಸೆಯಲ್ಲಿಟ್ಟುಕೊಂಡರೆ ಮೈ ಕಾವಿಗೆ ಇನ್ನಷ್ಟು ಒಣಗುತ್ತದೆ.

ಹಳ್ಳ ತಲುಪಿದ ಮೇಲೆ ಮೊದಲು ಜಾಗ. ಒಂದೂವರೆ ಮೀಟರ್ ಸುತ್ತ ತರಗೆಲೆ ಗೋರಿ ತೆಗೆದು, ಬರಿ ಮಣ್ಣಿನ ಮೇಲೆ ಮುಂಗೈ ದಪ್ಪದ ನಾಲ್ಕೈದು ಕೊರಡು ಒತ್ತೊತ್ತಾಗಿ ಹಾಸಬೇಕು. ತೇವದ ನೆಲ ಎಳೆ ಬೆಂಕಿಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಹೊಸಬರ ಬೆಂಕಿ ಸಾಯುವುದು ಹೆಚ್ಚಾಗಿ ಇಲ್ಲಿಯೇ. ಒಲೆಗುಂಡಿಗೆ ಹಳ್ಳದ ಕಲ್ಲು ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಒಡೆದು ಚೂರು ಹಾರುತ್ತದೆ.

ಚಕಮಕಿಯಲ್ಲಿ ಉರಿಯುವುದು ಕಲ್ಲಲ್ಲ, ಕಲ್ಲಿನ ಅಂಚು ಕೆತ್ತಿ ತೆಗೆದ ಉಕ್ಕಿನ ಪುಡಿ. ಅದಕ್ಕೇ ಗಟ್ಟಿ ಉಕ್ಕಿನ ಅರದ ತುಂಡು ನಡೆಯುತ್ತದೆ, ಸ್ಟೇನ್‌ಲೆಸ್ ಚಾಕು ನಡೆಯುವುದಿಲ್ಲ. ಈ ಕಿಡಿ ಮಂದ. ಸುಟ್ಟ ಹತ್ತಿ ಬಟ್ಟೆಯಂಥ ಕರಕಿನಲ್ಲಿ ಹಿಡಿಸಿ, ಆ ಕೆಂಡವನ್ನು ಜುಂಗಿನಲ್ಲಿ ಸುತ್ತಿ ಊದಬೇಕು. ಫೆರೋ ರಾಡ್ (ಕೆರೆದರೆ ಕಿಡಿ ಉದುರಿಸುವ ಮಿಶ್ರಲೋಹದ ಕಡ್ಡಿ) ಸುಲಭ, ಅದರ ಕಿಡಿ ಸುಮಾರು 3000 ಡಿಗ್ರಿ ಸೆಲ್ಸಿಯಸ್. ಹೊಸದಾದರೆ ಮೇಲಿನ ಕಪ್ಪು ಲೇಪ ಹೆರೆದು ತೆಗೆಯಿರಿ. ರಾಡಿನ ತುದಿಯನ್ನು ಜುಂಗಿನೊಳಗೆ ಊರಿ, ಚಾಕುವಿನ ಬೆನ್ನನ್ನು ಅಲ್ಲಾಡಿಸದೆ ಒತ್ತಿ ಹಿಡಿದು, ರಾಡನ್ನೇ ಹಿಂದಕ್ಕೆ ಎಳೆಯಬೇಕು. ಚಾಕುವನ್ನು ಮುಂದಕ್ಕೆ ತಳ್ಳಿದರೆ ಕೈ ತಾಗಿ, ಜೋಡಿಸಿದ್ದೆಲ್ಲ ಚೆದುರುತ್ತದೆ.

ಜುಂಗು ಹೊತ್ತಿದರೂ ಉರಿ ಅರ್ಧ ನಿಮಿಷವೂ ನಿಲ್ಲದು. ಸೂಜಿ ಕಡ್ಡಿಯ ಕಟ್ಟು ಕೈಗೆಟುಕುವಂತಿರಲಿ, ಗಾಳಿಗೆ ಬೆನ್ನು ಕೊಟ್ಟು ಕುಳಿತು ಅದನ್ನು ಉರಿಯ ಮೇಲೆ ಸಡಿಲವಾಗಿ ಒರಗಿಸಿ. ಉರಿ ಕಡ್ಡಿಗಳ ಮೇಲೆ ತಲೆ ಎತ್ತುವ ತನಕ ಪೆನ್ಸಿಲ್ ಕಡ್ಡಿ ಹಾಕಬೇಡಿ. ಬಿಳಿ ದಟ್ಟ ಹೊಗೆ ಬಂತೋ, ಕಡ್ಡಿ ತೇವ. ಉರಿ ನುಂಗಿಕೊಂಡಿತೋ, ಗಾಳಿಗೆ ಸಂದಿಲ್ಲ. ಎಲ್ಲವೂ ತೇವವೆನಿಸಿದರೆ ಮುಂಗೈ ದಪ್ಪದ ಕೊರಡನ್ನು ಸೀಳಿ, ಒಣಗಿರುವ ತಿರುಳಿನಿಂದ ಚಾಕುವಲ್ಲಿ ತೆಳು ಸುರುಳಿಗಳನ್ನು ಎಬ್ಬಿಸಿ. ಅಷ್ಟರಲ್ಲಿ ಪಾತ್ರೆಯ ನೀರು ಕುದಿಯುವಷ್ಟು ಕೆಂಡವಾಗುತ್ತದೆ, ಕಾಫಿಗೆ ಅದೇ ಸಾಕು.

ಹೊರಡುವ ಮುನ್ನ ನೀರು ಸುರಿದು ಕೋಲಿನಿಂದ ಕೆದಕಿ, ಮತ್ತೆ ಸುರಿಯಬೇಕು, ಚುಸ್ಸೆಂಬ ಸದ್ದು ನಿಲ್ಲುವ ತನಕ. ಕೊನೆಗೆ ಮುಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಟ್ಟಿದರೆ ಇನ್ನೊಂದು ಕೊಡ ನೀರು.